ಜಾರಿದ ಗರ್ಭಕೋಶ, ತಡವಾಗಿ ಬಂದ ಹಾರ್ಮೋನು: ಶ್ರೋಣಿ ತಳದ ಚಿಕಿತ್ಸೆಯ ಚರಿತ್ರೆ

ಸೊಂಟದ ಎಲುಬುಗಳು ಸೇರಿ ಆಗುವ ಬಟ್ಟಲಿಗೆ ಎಲುಬಿನ ಅಡಿ ಇಲ್ಲ. ಮುಂದಿನ ಜಘನಾಸ್ಥಿಯಿಂದ ಹಿಂದಿನ ಬಾಲದೆಲುಬಿನವರೆಗೆ ಜೋಲಿಯ ಹಾಗೆ ಕಟ್ಟಿಕೊಂಡಿರುವ ಸ್ನಾಯುಗಳೇ ಅದರ ಅಡಿ. ಇದನ್ನು ಶ್ರೋಣಿ ತಳ, ಅಂದರೆ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರೂ ಇದರ ಮೇಲೆ ಕೂತಿವೆ. ಮೂತ್ರನಾಳ, ಯೋನಿ, ಗುದದ್ವಾರ ಇದನ್ನೇ ಹಾದು ಹೊರಬರುತ್ತವೆ. ಈ ಸ್ನಾಯುಗಳೂ ಅವುಗಳ ಸುತ್ತಲಿನ ತಂತುಗಳೂ ಸಡಿಲವಾದರೆ ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುತ್ತದೆ. ಇನ್ನೂ ಸಡಿಲವಾದರೆ ಗರ್ಭಕೋಶವೇ ಕೆಳಗೆ ಜಾರುತ್ತದೆ. ಹೆರಿಗೆ, ವಯಸ್ಸು, ಭಾರ ಹೊರುವ ಕೆಲಸ, ಮಲಬದ್ಧತೆ, ಬಿಡದ ಕೆಮ್ಮು ಇವೆಲ್ಲ ಕಾರಣಗಳೆಂಬುದು ಹಳೆಯ ತಿಳಿವಳಿಕೆ. ಹಾರ್ಮೋನುಗಳಿಗೂ ಇದರಲ್ಲಿ ಪಾತ್ರವಿದೆ ಎಂಬ ತಿಳಿವಳಿಕೆಗೆ ಮಾತ್ರ ಇನ್ನೂ ನೂರು ವರ್ಷ ತುಂಬಿಲ್ಲ. ರೋಗದ ದಾಖಲೆಯೋ ಮೂರೂವರೆ ಸಾವಿರ ವರ್ಷ ಹಳೆಯದು. ಇಷ್ಟು ದೀರ್ಘ ಕಾಲ ವೈದ್ಯರು ಜಾರಿದ ವಸ್ತುವನ್ನು ನೋಡಿದರೇ ಹೊರತು ಅದನ್ನು ಹಿಡಿದಿಡಬೇಕಾದ ಸ್ನಾಯುವನ್ನು ನೋಡಲಿಲ್ಲ.

ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಈಬರ್ಸ್ ಪಪೈರಸ್‌ನಲ್ಲಿ ಜಾಗ ತಪ್ಪಿದ ಗರ್ಭಕೋಶವನ್ನು ಮತ್ತೆ ಜಾಗಕ್ಕೆ ತರುವ ಔಷಧಗಳಿವೆ. ಗ್ರೀಕರ ಉಪಾಯ ಇನ್ನೂ ಒರಟು. ಹಿಪ್ಪೊಕ್ರಟಿಸನ ಹೆಸರಿನಲ್ಲಿರುವ ಗ್ರಂಥಗಳ ಪ್ರಕಾರ ಹೆಂಗಸನ್ನು ಏಣಿಗೆ ತಲೆಕೆಳಗಾಗಿ ಕಟ್ಟಿ ಏಣಿಯನ್ನೇ ಕುಲುಕಬೇಕು. ಜಾರಿದ್ದು ತನ್ನ ಭಾರಕ್ಕೆ ತಾನೇ ಒಳಗೆ ಹೋಗುತ್ತದೆ ಎಂಬ ಲೆಕ್ಕ. ಯೂರಿಫೋನ್ ಎಂಬ ವೈದ್ಯ ಒಂದು ಹಗಲು ಒಂದು ರಾತ್ರಿ ಪೂರ್ತಿ ಹಾಗೆ ತೂಗುಹಾಕುತ್ತಿದ್ದನಂತೆ. ದಾಳಿಂಬೆಯನ್ನು ಹೋಳು ಮಾಡಿ ಯೋನಿಯೊಳಗೆ ಇಟ್ಟು ಗರ್ಭಕೋಶಕ್ಕೆ ಆಸರೆ ಕೊಡುವ ಕ್ರಮವೂ ಅವರಲ್ಲಿತ್ತು. ಕ್ರಿ.ಶ. 2ನೇ ಶತಮಾನದ ಆದಿಯಲ್ಲಿ ರೋಮ್‌ನಲ್ಲಿ ವೈದ್ಯನಾಗಿದ್ದ ಸೊರೇನಸ್ ಏಣಿಯ ಚಿಕಿತ್ಸೆಯನ್ನು ಕಟುವಾಗಿ ಟೀಕಿಸಿದ. ಉಣ್ಣೆಯ ಉಂಡೆಯನ್ನು ಔಷಧ ದ್ರವದಲ್ಲಿ ನೆನೆಸಿ ಒಳಗಿಟ್ಟು, ಹೆಂಗಸನ್ನು ಮಲಗಿಸಿ ವಿಶ್ರಾಂತಿ ಕೊಡುವುದು ಅವನ ಕ್ರಮ. ಆ ಕಾಲದ ಮಟ್ಟಿಗೆ ಅದು ವಿವೇಕದ ಮಾತೇ.

ಭಾರತದಲ್ಲಿ ಸುಶ್ರುತ ಸಂಹಿತೆಯ ಉತ್ತರತಂತ್ರ ಇಪ್ಪತ್ತು ಬಗೆಯ ಯೋನಿವ್ಯಾಪತ್ತುಗಳನ್ನು ಹೇಳುವಾಗ ‘ಪ್ರಸ್ರಂಸಿನೀ’ ಎಂಬುದನ್ನೂ ಹೇಳುತ್ತದೆ. ಜಾರಿದ ಭಾಗಕ್ಕೆ ತುಪ್ಪ ಸವರಿ, ಹಾಲಿನ ಹಬೆಯಿಂದ ಬೆವರಿಸಿ, ಕೈಯಿಂದ ಒಳಗೆ ಸೇರಿಸಿ, ‘ವೇಶವಾರ’ವೆಂಬ ಮಸಾಲೆ ಬೆರೆತ ಮಾಂಸದ ಮುದ್ದೆಯಿಂದ ಬಾಯಿ ಮುಚ್ಚಿ, ಮೇಲೆ ಬಟ್ಟೆ ಕಟ್ಟಬೇಕೆಂಬುದು ವಿಧಾನ. ಚರಕ ಸಂಹಿತೆ ಯೋನಿರೋಗಗಳಿಗೆ ಕೊಡುವ ನಾಲ್ಕು ಕಾರಣಗಳಲ್ಲಿ ‘ದುಷ್ಟ ಆರ್ತವ’ವೂ ಒಂದು. ಮುಟ್ಟಿನ ಏರುಪೇರಿಗೂ ಈ ರೋಗಗಳಿಗೂ ಸಂಬಂಧ ಕಾಣುವ ಕಣ್ಣು ಅಲ್ಲಿತ್ತು ಎಂದಷ್ಟೇ ಇದರಿಂದ ಹೇಳಬಹುದು. ಹಾರ್ಮೋನಿನ ಕಲ್ಪನೆ ಆಗಲೇ ಇತ್ತು ಎಂದು ಎಳೆದಾಡುವುದು ಸಲ್ಲದು.

ಬಾಣಂತನದ ಆಚಾರಗಳೂ ಇದೇ ಚರಿತ್ರೆಯ ಭಾಗ. ಕನ್ನಡ ನಾಡಿನಲ್ಲಿ ಹೆರಿಗೆಯಾದವಳ ಹೊಟ್ಟೆಗೆ ಹಳೆಯ ಸೀರೆಯನ್ನು ಬಿಗಿಯಾಗಿ ಸುತ್ತುವುದು, ಎಣ್ಣೆ ಹಚ್ಚಿ ಬಿಸಿನೀರು ಹಾಕುವುದು, ಸಾಂಬ್ರಾಣಿ ಹೊಗೆ ಹಿಡಿಯುವುದು, ತವರಿನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು ವಾಡಿಕೆ. ಹೊಟ್ಟೆ ಬಿಗಿಯುವುದರಿಂದ ನಡುವಿಗೆ ಆಸರೆಯಾದಂತೆ ಅನಿಸುವುದು ನಿಜ. ಆದರೆ ಬಿಗಿ ಹೆಚ್ಚಾದರೆ ಹೊಟ್ಟೆಯೊಳಗಿನ ಒತ್ತಡ ಕೆಳಮುಖವಾಗಿ, ಆಗತಾನೇ ಹಿಗ್ಗಿ ಸೋತ ಶ್ರೋಣಿ ತಳದ ಮೇಲೆಯೇ ಬೀಳುತ್ತದೆ. ಬಾಣಂತನದಲ್ಲಿ ನಿಜಕ್ಕೂ ಉಪಕಾರವಾಗುತ್ತಿದ್ದುದು ಬಟ್ಟೆಯಿಂದಲ್ಲ, ವಿಶ್ರಾಂತಿಯಿಂದ: ಬಾವಿಯಿಂದ ನೀರು ಸೇದುವಂತಿಲ್ಲ, ಕೊಡ ಹೊರುವಂತಿಲ್ಲ, ಒರಳು ಮುಟ್ಟುವಂತಿಲ್ಲ. ಈ ವಿಶ್ರಾಂತಿಯಾದರೂ ಎಲ್ಲರ ಪಾಲಿಗೆ ಇರಲಿಲ್ಲ. ಕೂಲಿಗೆ ಹೋಗದೆ ಒಲೆ ಉರಿಯದ ಮನೆಗಳಲ್ಲಿ ಹಸಿ ಬಾಣಂತಿಯೇ ಸೌದೆಯ ಹೊರೆ ಹೊತ್ತಳು. ಗರ್ಭಕೋಶ ಜಾರುವ ಕಾಯಿಲೆ ದುಡಿಯುವ ಬಡ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ನೇಪಾಳದ ಬೆಟ್ಟದ ಹಳ್ಳಿಗಳಲ್ಲಿ ಈ ಕಾಯಿಲೆ ಎಷ್ಟು ವ್ಯಾಪಕವಾಗಿತ್ತೆಂದರೆ 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನು ಮಹಿಳೆಯರ ಸಂತಾನ ಸಂಬಂಧಿ ಹಕ್ಕಿನ ಪ್ರಶ್ನೆಯೆಂದೇ ಪರಿಗಣಿಸಿ ತೀರ್ಪು ಕೊಟ್ಟಿತು.

ಯುರೋಪಿನಲ್ಲಿ ಶತಮಾನಗಳ ಕಾಲ ಆಸರೆಯ ಸಾಧನದ ರೂಪ ಬದಲಾಯಿತೇ ಹೊರತು ತತ್ವ ಬದಲಾಗಲಿಲ್ಲ. 16ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಹಿತ್ತಾಳೆ ಮತ್ತು ಬೆಂಡಿನಿಂದ ಮೊಟ್ಟೆಯಾಕಾರದ ಸಾಧನಗಳನ್ನು ಮಾಡಿಸಿದ. ಇವಕ್ಕೆ ಪೆಸರಿ ಎಂದು ಹೆಸರು. 1844ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರಿಗೆ ಪೇಟೆಂಟ್ ಪಡೆದ ಮೇಲೆ ಪೆಸರಿಗಳ ಸುಗ್ಗಿಯೇ ಆಯಿತು. ಫಿಲಡೆಲ್ಫಿಯಾದ ಹ್ಯೂ ಲೆನಾಕ್ಸ್ ಹಾಜ್ ರೂಪಿಸಿದ ಬಾಗಿದ ಪೆಸರಿಗೆ ಇಂದಿಗೂ ಅವನದೇ ಹೆಸರು. ಹಾಕಿಸಿಕೊಂಡು ಮರೆತ ಪೆಸರಿಗಳು ಒಳಗೇ ಉಳಿದು, ಹುಣ್ಣಾಗಿ, ಮೂತ್ರಕೋಶವನ್ನೇ ತೂತು ಮಾಡಿದ ಪ್ರಕರಣಗಳೂ ಆದವು. ಇದರಿಂದ ಪೆಸರಿಗೆ ಕೆಟ್ಟ ಹೆಸರು ಬಂತು.

ಅರಿವಳಿಕೆಯೂ ಸೋಂಕು ತಡೆಯುವ ಕ್ರಮಗಳೂ ಬಂದ ಮೇಲೆ ಕತ್ತಿಯ ಕಾಲ ಶುರುವಾಯಿತು. 1877ರಲ್ಲಿ ಪ್ಯಾರಿಸಿನ ಲಿಯೋನ್ ಲ ಫೋರ್ ಯೋನಿಯ ಗೋಡೆಗಳನ್ನೇ ಪರಸ್ಪರ ಹೊಲಿದು ಮುಚ್ಚುವ ಶಸ್ತ್ರಕ್ರಿಯೆಯನ್ನು ವಿವರಿಸಿದ. 1888ರಲ್ಲಿ ಮ್ಯಾಂಚೆಸ್ಟರಿನ ಆರ್ಚಿಬಾಲ್ಡ್ ಡೊನಾಲ್ಡ್ ಆರಂಭಿಸಿ ಮುಂದೆ ಫಾದರ್‌ಗಿಲ್ ತಿದ್ದಿದ ‘ಮ್ಯಾಂಚೆಸ್ಟರ್ ಆಪರೇಷನ್’ ಗರ್ಭಕೋಶವನ್ನು ಉಳಿಸಿಕೊಂಡೇ ಅದರ ಕೊರಳನ್ನು ಮೊಟಕು ಮಾಡಿ ಬಿಗಿಯುತ್ತಿತ್ತು. ಈ ಸಾಲಿನಲ್ಲಿ ಭಾರತದ ದೊಡ್ಡ ಹೆಸರು ವಿಠ್ಠಲ ನಾಗೇಶ ಶಿರೋಡ್ಕರ್ (1899–1971). ಗೋವಾದ ಶಿರೋಡಾದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಶಾಲೆ ಕಲಿತು, ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯರಾದವರು. ಗರ್ಭಪಾತ ತಡೆಯಲು ಗರ್ಭಕೊರಳಿಗೆ ಹಾಕುವ ಹೊಲಿಗೆಯಿಂದ ಜಗತ್ತಿನಾದ್ಯಂತ ಹೆಸರಾದರು. ಅವರ ಇನ್ನೊಂದು ಕೊಡುಗೆ ಅಷ್ಟು ಪ್ರಸಿದ್ಧವಲ್ಲ. ಇನ್ನೂ ಮಕ್ಕಳಾಗಬೇಕಿರುವ ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಗರ್ಭಕೋಶ ಜಾರುವುದನ್ನು ಇಲ್ಲಿನ ವೈದ್ಯರು ಕಾಣುತ್ತಿದ್ದರು. ಅವರಿಗೆ ಗರ್ಭಕೋಶ ತೆಗೆಯುವುದು ಪರಿಹಾರವಾಗದು. ಗರ್ಭಕೋಶದ ಹಿಂಬದಿಗೆ ಪಟ್ಟಿಯೊಂದನ್ನು ಹೊಲಿದು ಬೆನ್ನುಮೂಳೆಯ ಕೆಳಗಿನ ತ್ರಿಕಾಸ್ಥಿಗೆ ಕಟ್ಟುವ ‘ಶಿರೋಡ್ಕರ್ ಸ್ಲಿಂಗ್’ ಹುಟ್ಟಿದ್ದು ಇದರಿಂದ. ಮುಂಬೈಯವರೇ ಆದ ಪುರಂದರೆ ಅವರ ಹೆಸರಿನ ಇನ್ನೊಂದು ಬಗೆಯ ಶಸ್ತ್ರಕ್ರಿಯೆಯೂ ಭಾರತೀಯ ಪಠ್ಯಪುಸ್ತಕಗಳಲ್ಲಿದೆ.

ಕೊನೆಗೂ ಸ್ನಾಯುವಿನ ಕಡೆಗೆ ಕಣ್ಣು ಹೊರಳಿದ್ದು 20ನೇ ಶತಮಾನದಲ್ಲಿ, ಅದೂ ಒಬ್ಬ ನೃತ್ಯಗಾತಿಯಿಂದ. ಬ್ರಿಟನ್ನಿನ ನರ್ತಕಿ ಮಾರ್ಗರೆಟ್ ಮಾರಿಸ್ ಫಿಸಿಯೋಥೆರಪಿಯನ್ನೂ ಕಲಿತವಳು. ಮೂತ್ರ ಸೋರುವುದನ್ನು ತಡೆಯಲು ಶ್ರೋಣಿ ತಳವನ್ನು ಬಿಗಿದು ಸಡಿಲಿಸುವ ವ್ಯಾಯಾಮವನ್ನು 1936ರಲ್ಲೇ ವಿವರಿಸಿದಳು. ಆದರೆ ವ್ಯಾಯಾಮಕ್ಕೆ ಅಂಟಿದ್ದು ಲಾಸ್ ಏಂಜಲೀಸ್‌ನ ಆರ್ನಾಲ್ಡ್ ಕೀಗಲ್‌ನ ಹೆಸರು. ಅವನ ಪ್ರಬಂಧ ಬಂದದ್ದು 1948ರಲ್ಲಿ. ಅವನಿಗೆ ಅನ್ಯಾಯವಾಗಿ ಕೀರ್ತಿ ಸಂದಿತು ಎನ್ನುವಂತೆಯೂ ಇಲ್ಲ. ‘ಸ್ನಾಯು ಬಿಗಿಯಿರಿ’ ಎಂದು ಬಾಯಲ್ಲಿ ಹೇಳಿದರೆ ಬಹಳಷ್ಟು ಹೆಂಗಸರು ಹೊಟ್ಟೆಯನ್ನೋ ತೊಡೆಯನ್ನೋ ಪೃಷ್ಠವನ್ನೋ ಬಿಗಿಯುತ್ತಾರೆ, ಕೆಲವರು ಉಸಿರು ಕಟ್ಟಿ ಕೆಳಕ್ಕೇ ಮುಕ್ಕುತ್ತಾರೆ ಎಂಬುದನ್ನು ಅವನು ಗಮನಿಸಿದ. ಅದಕ್ಕೊಂದು ಉಪಕರಣ ಮಾಡಿದ: ಗಾಳಿ ತುಂಬಿದ ರಬ್ಬರಿನ ಸಣ್ಣ ಕೋಶ, ಅದರಿಂದ ಹೊರಟ ಕೊಳವೆ, ತುದಿಯಲ್ಲಿ ಒತ್ತಡ ಅಳೆಯುವ ಮುಳ್ಳು. ಕೋಶವನ್ನು ಯೋನಿಯಲ್ಲಿಟ್ಟು ಸರಿಯಾದ ಸ್ನಾಯು ಬಿಗಿದರೆ ಮುಳ್ಳು ಮೇಲೇರುತ್ತದೆ. ಪೆರಿನಿಯೋಮೀಟರ್ ಎಂಬ ಈ ಉಪಕರಣದಿಂದ, ಎಂದೂ ಕಣ್ಣಿಗೆ ಬೀಳದ ಸ್ನಾಯುವಿನ ಕೆಲಸವನ್ನು ಹೆಂಗಸು ತಾನೇ ಕಂಡು ತಿದ್ದಿಕೊಳ್ಳುವಂತಾಯಿತು. ದಿನಕ್ಕೆ ಮೂರು ಸಲ, ಪ್ರತಿ ಸಲ 20 ನಿಮಿಷ ಅವನ ಕ್ರಮ. ಮುಂದೆ ವ್ಯಾಯಾಮ ಜನಪ್ರಿಯವಾಯಿತು, ಉಪಕರಣ ಮೂಲೆ ಸೇರಿತು. ಪತ್ರಿಕೆ ಓದಿ ಮಾಡುವ ‘ಕೀಗಲ್ ವ್ಯಾಯಾಮ’ ಎಷ್ಟೋ ಜನರಿಗೆ ಫಲ ಕೊಡದೇ ಇರುವುದಕ್ಕೆ, ಕೀಗಲ್ ಯಾವ ತಪ್ಪನ್ನು ತಪ್ಪಿಸಲು ಉಪಕರಣ ಮಾಡಿದನೋ ಅದೇ ತಪ್ಪು ಕಾರಣ.

ಹಾರ್ಮೋನಿನ ಕಥೆ ಇದಕ್ಕೆ ಸಮಾನಾಂತರವಾಗಿ, ಬೇರೆಯೇ ಕೋಣೆಯಲ್ಲಿ ನಡೆಯುತ್ತಿತ್ತು. 1923ರಲ್ಲಿ ಅಮೆರಿಕದ ಎಡ್ಗರ್ ಆಲನ್ ಮತ್ತು ಎಡ್ವರ್ಡ್ ಡಾಯ್ಸಿ ಅಂಡಾಶಯದ ಹಾರ್ಮೋನನ್ನು ಗುರುತಿಸಿದರು. 1926ರಲ್ಲಿ ಫ್ರೆಡರಿಕ್ ಹಿಸಾ ಗಿನಿಯಿಲಿಗಳಲ್ಲಿ ಪ್ರಸವಕ್ಕೆ ಮುಂಚೆ ಸೊಂಟದ ಕಟ್ಟುಗಳನ್ನು ಸಡಿಲಿಸುವ ವಸ್ತುವನ್ನು ಕಂಡುಹಿಡಿದ, ಅದೇ ರಿಲ್ಯಾಕ್ಸಿನ್. 1929ರಲ್ಲಿ ಈಸ್ಟ್ರೊಜೆನ್ ವರ್ಗದ ಈಸ್ಟ್ರೋನ್ ಶುದ್ಧ ರೂಪದಲ್ಲಿ ಸಿಕ್ಕಿತು. ಎರಡು ಕೋಣೆಗಳ ನಡುವಿನ ಬಾಗಿಲು ತೆರೆದದ್ದು 1941ರಲ್ಲಿ. ಮುಟ್ಟು ನಿಂತ ಮೇಲೆ ಉರಿಮೂತ್ರ, ಮೂತ್ರ ಸೋರುವಿಕೆಯಿಂದ ನರಳುವ ಹೆಂಗಸರಿಗೆ ಈಸ್ಟ್ರೊಜೆನ್ ಕೊಟ್ಟ ಅನುಭವವನ್ನು ಸಾಲ್ಮನ್, ವಾಲ್ಟರ್ ಮತ್ತು ಗೈಸ್ಟ್ ಎಂಬ ವೈದ್ಯರು ಆ ವರ್ಷ ಪ್ರಕಟಿಸಿದರು. ಮರುವರ್ಷವೇ ಗಬ್ಬದ ಕುದುರೆಗಳ ಮೂತ್ರದಿಂದ ತಯಾರಿಸಿದ ಪ್ರೆಮರಿನ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂತು.

ತರ್ಕ ಸರಳವಾಗಿತ್ತು. ಮೂತ್ರಕೋಶ, ಮೂತ್ರನಾಳ, ಯೋನಿ ಈ ಮೂರರಲ್ಲೂ ಈಸ್ಟ್ರೊಜೆನ್ ಗ್ರಾಹಿಗಳಿವೆ. ಮುಟ್ಟು ನಿಂತು ಈಸ್ಟ್ರೊಜೆನ್ ಇಳಿದಾಗ ಒಳಪದರ ತೆಳುವಾಗುತ್ತದೆ, ಮೂತ್ರನಾಳ ಮುಚ್ಚಿಕೊಳ್ಳಲು ನೆರವಾಗುವ ರಕ್ತನಾಳಗಳ ಮೆತ್ತೆ ಕುಗ್ಗುತ್ತದೆ, ಯೋನಿಯ ಆಮ್ಲೀಯತೆ ಕಡಿಮೆಯಾಗಿ ಸೋಂಕಿಗೆ ದಾರಿಯಾಗುತ್ತದೆ. ಹಾಗಾದರೆ ಹೋದ ಹಾರ್ಮೋನನ್ನು ಮಾತ್ರೆಯಾಗಿ ತುಂಬಿದರೆ ಎಲ್ಲ ಸರಿಹೋಗಬೇಕು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ‘ಫೆಮಿನೈನ್ ಫಾರೆವರ್’ ಎಂಬ ಪುಸ್ತಕ ಬರೆದು, ಮುಟ್ಟು ನಿಲ್ಲುವುದನ್ನೇ ಕೊರತೆಯ ರೋಗವೆಂದು ಸಾರಿದ. ಮಾತ್ರೆ ಲಕ್ಷಾಂತರ ಹೆಂಗಸರ ನಿತ್ಯದ ಅಭ್ಯಾಸವಾಯಿತು. ಮೂತ್ರ ಸೋರುವುದಕ್ಕೂ ಅದನ್ನೇ ಬರೆದುಕೊಡುವ ವೈದ್ಯರಿದ್ದರು.

ದೊಡ್ಡ ಪ್ರಯೋಗಗಳು ಬಂದಾಗ ಫಲಿತಾಂಶ ತಿರುಗುಮುರುಗಾಯಿತು. ಹೃದ್ರೋಗವಿದ್ದ ಮಹಿಳೆಯರ ಮೇಲೆ ನಡೆದ ‘ಹರ್ಸ್’ ಅಧ್ಯಯನದಲ್ಲಿ ಮೊದಲೇ ಮೂತ್ರ ಸೋರುವ ತೊಂದರೆಯಿದ್ದವರು 1,525 ಮಂದಿ. 2001ರ ವರದಿಯ ಪ್ರಕಾರ ಹಾರ್ಮೋನು ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು ಶೇ. 39ರಷ್ಟು ಮಂದಿಗೆ ತೊಂದರೆ ಉಲ್ಬಣಿಸಿತ್ತು. ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 27ರಷ್ಟು. 27,347 ಮಹಿಳೆಯರಿದ್ದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಪ್ರಯೋಗದ 2005ರ ವಿಶ್ಲೇಷಣೆ ಇನ್ನೂ ಸ್ಪಷ್ಟ: ಸೋರುವಿಕೆಯೇ ಇಲ್ಲದಿದ್ದ ಹೆಂಗಸರು ಮಾತ್ರೆ ನುಂಗಿದ ಒಂದು ವರ್ಷದಲ್ಲಿ, ಕೆಮ್ಮಿದಾಗ ಸೀನಿದಾಗ ಸೋರುವ ಬಗೆಯ ತೊಂದರೆಗೆ ಸಿಲುಕುವ ಸಂಭವ ಸುಮಾರು ಎರಡು ಪಟ್ಟಾಗಿತ್ತು. ಆರು ದಶಕಗಳ ನಂಬಿಕೆಯೊಂದು ಹೀಗೆ ಬಿದ್ದುಹೋಯಿತು.

ಹಾಗೆಂದು ಈಸ್ಟ್ರೊಜೆನ್ ಪೂರ್ತಿ ನಿರುಪಯೋಗಿಯೆಂದಲ್ಲ. 1993ರಲ್ಲಿ ರಾಝ್ ಮತ್ತು ಸ್ಟಾಮ್ ಪ್ರಕಟಿಸಿದ ಪ್ರಯೋಗದಲ್ಲಿ, ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ 93 ಹಿರಿಯ ಮಹಿಳೆಯರಿದ್ದರು. ಯೋನಿಗೆ ಈಸ್ಟ್ರಿಯಾಲ್ ಕ್ರೀಮ್ ಹಚ್ಚಿಕೊಂಡವರಲ್ಲಿ ಸೋಂಕಿನ ಪ್ರಮಾಣ ವರ್ಷಕ್ಕೆ 0.5ಕ್ಕೆ ಇಳಿದಿತ್ತು, ಹುಸಿ ಕ್ರೀಮ್ ಹಚ್ಚಿಕೊಂಡವರಲ್ಲಿ 5.9 ಇತ್ತು. ಅದೇ ಹಾರ್ಮೋನು ಬಾಯಿಯ ಮೂಲಕ ಹೋದಾಗ ಒಂದು ಫಲ, ಬೇಕಾದ ಜಾಗಕ್ಕೇ ಅಲ್ಪ ಪ್ರಮಾಣದಲ್ಲಿ ಹಚ್ಚಿದಾಗ ಇನ್ನೊಂದು ಫಲ. ಯೋನಿಯ ಒಣಗುವಿಕೆ, ಉರಿ, ಅವಸರದ ಮೂತ್ರ ಇವನ್ನೆಲ್ಲ ಒಟ್ಟು ಸೇರಿಸಿ 2014ರಲ್ಲಿ ಒಂದೇ ಲಕ್ಷಣಕೂಟವೆಂದು ಹೆಸರಿಡಲಾಯಿತು. ಅದಕ್ಕೆ ಹಚ್ಚುವ ಈಸ್ಟ್ರೊಜೆನ್ ಈಗ ಮಾನ್ಯ ಚಿಕಿತ್ಸೆ. ಜಾರಿದ ಗರ್ಭಕೋಶವನ್ನು ಮೇಲೆತ್ತುವ ಶಕ್ತಿ ಮಾತ್ರ ಯಾವ ಕ್ರೀಮಿಗೂ ಇಲ್ಲ.

ಮುಟ್ಟು ನಿಲ್ಲುವುದು ಸಹಜ ಘಟ್ಟ. ಹಾರ್ಮೋನಿನ ಕಾಯಿಲೆಗಳು ಬೇರೆ. 1935ರಲ್ಲಿ ಶಿಕಾಗೊದ ಸ್ಟೈನ್ ಮತ್ತು ಲೆವೆಂತಾಲ್ ಮುಟ್ಟು ನಿಂತ, ಮುಖದಲ್ಲಿ ಕೂದಲು ಬಂದ, ಅಂಡಾಶಯದಲ್ಲಿ ಗುಳ್ಳೆಗಳಿದ್ದ ಏಳು ಮಹಿಳೆಯರನ್ನು ವರ್ಣಿಸಿದರು. ಇಂದು ಮನೆಮಾತಾಗಿರುವ ಪಿಸಿಓಎಸ್‌ನ ಆಧುನಿಕ ಚರಿತ್ರೆ ಅಲ್ಲಿಂದ ಶುರು. ಬಸಿರಾಗುವುದು, ಮುಟ್ಟು, ಆಮೇಲೆ ಮಧುಮೇಹ, ಹೀಗೆ ಅದರ ಬಗ್ಗೆ ಸಂಶೋಧನೆ ಬೆಳೆಯಿತು. ಶ್ರೋಣಿ ತಳದ ಪ್ರಶ್ನೆಯನ್ನು ದಶಕಗಳ ಕಾಲ ಯಾರೂ ಎತ್ತಲಿಲ್ಲ. ಇದರಲ್ಲೊಂದು ವಿಡಂಬನೆಯಿದೆ. ಯಾವುದೇ ವಸ್ತುವಿಗೆ ಪುರುಷ ಹಾರ್ಮೋನಿನಂತೆ ಸ್ನಾಯು ಬೆಳೆಸುವ ಗುಣವಿದೆಯೇ ಎಂದು ನೋಡಲು 1950ರ ದಶಕದಿಂದ ಔಷಧ ಪ್ರಯೋಗಾಲಯಗಳು ಒಂದು ಪರೀಕ್ಷೆ ಮಾಡುತ್ತ ಬಂದಿವೆ: ಬೀಜ ತೆಗೆದ ಎಳೆಯ ಗಂಡು ಇಲಿಗೆ ಆ ವಸ್ತುವನ್ನು ಕೊಟ್ಟು, ಲಿವೇಟರ್ ಏನೈ ಎಂದು ಕರೆಯುವ ಸ್ನಾಯುವನ್ನು ಕತ್ತರಿಸಿ ತೂಗುವುದು. 1953ರಿಂದ ಇದಕ್ಕೆ ಹರ್ಷ್‌ಬರ್ಗರ್ ಪರೀಕ್ಷೆ ಎಂದು ಹೆಸರು. ಹೆಂಗಸಿನ ಶ್ರೋಣಿ ತಳದ ಮುಖ್ಯ ಸ್ನಾಯುವಿಗೂ ಅದೇ ಹೆಸರು. ಹಾರ್ಮೋನಿಗೆ ಆ ಸ್ನಾಯು ಮಣಿಯುತ್ತದೆಂದು ಇಲಿಯಲ್ಲಿ ಸಾವಿರಾರು ಸಲ ತೂಗಿ ನೋಡಿದ ವಿಜ್ಞಾನ, ಪುರುಷ ಹಾರ್ಮೋನು ಹೆಚ್ಚಿರುವ ಪಿಸಿಓಎಸ್ ಹೆಂಗಸರಲ್ಲಿ ಅದೇನಾಗುತ್ತದೆಂದು ಕೇಳಲು ಅರ್ಧ ಶತಮಾನಕ್ಕೂ ಹೆಚ್ಚು ತೆಗೆದುಕೊಂಡಿತು. ಈಗ ಕೇಳಲಾಗುತ್ತಿದೆ, ಉತ್ತರ ಇನ್ನೂ ಒಂದೇ ದಿಕ್ಕಿನಲ್ಲಿಲ್ಲ: ಹೆಚ್ಚಿದ ಆಂಡ್ರೊಜೆನ್, ಅಂದರೆ ಪುರುಷ ಹಾರ್ಮೋನು, ಸ್ನಾಯುವನ್ನು ದಪ್ಪ ಮಾಡಬಹುದು, ಪಿಸಿಓಎಸ್ ಜೊತೆಗೇ ಬರುವ ಬೊಜ್ಜು ಅದೇ ಸ್ನಾಯುವಿನ ಮೇಲೆ ಭಾರ ಹೇರಬಹುದು.

ಬೇರೆ ಹಾರ್ಮೋನು ಕಾಯಿಲೆಗಳೂ ಶ್ರೋಣಿ ತಳವನ್ನು ಬಿಡುವುದಿಲ್ಲ. ಥೈರಾಯ್ಡ್ ಕೊರತೆಯಲ್ಲಿ ಮಲಬದ್ಧತೆ ಸಾಮಾನ್ಯ. ಮಲವಿಸರ್ಜನೆಗೆ ವರ್ಷಗಟ್ಟಲೆ ತಿಣುಕಿದರೆ ತಳ ಸೋಲುತ್ತದೆ. ಮಧುಮೇಹ ನರಗಳನ್ನು ಕೆಡಿಸಿ ಮೂತ್ರಕೋಶ ತುಂಬಿದ್ದೇ ತಿಳಿಯದಂತೆ ಮಾಡುತ್ತದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೂ ಬೆಳೆಯುವ, ಈಸ್ಟ್ರೊಜೆನ್‌ನಿಂದ ಹೆಚ್ಚುವ ಎಂಡೊಮೆಟ್ರಿಯೋಸಿಸ್‌ನಲ್ಲಿ ತೊಂದರೆ ತಿರುಗಾಮುರುಗಾ: ದೀರ್ಘಕಾಲದ ನೋವಿಗೆ ಸ್ನಾಯು ಸಡಿಲವಾಗುವುದಿಲ್ಲ, ಬಿಗಿದುಕೊಂಡೇ ಇರುತ್ತದೆ. ಅಂಥವರಿಗೆ ಕೀಗಲ್ ವ್ಯಾಯಾಮ ಮೊದಲ ಮದ್ದಲ್ಲ; ಸ್ನಾಯುವನ್ನು ಸಡಿಲಿಸಲು ಕಲಿಸಬೇಕು. ಕನ್ಸಾಸ್ ಸಿಟಿಯ ಜಾರ್ಜ್ ಥೀಲೆ ಬಾಲದೆಲುಬಿನ ನೋವಿಗೆ ಈ ಸ್ನಾಯುವನ್ನೇ ಉಜ್ಜುವ ಕ್ರಮವನ್ನು 1937ರಲ್ಲೇ ಬರೆದಿದ್ದ. ಅದು ಮತ್ತೆ ಚಲಾವಣೆಗೆ ಬಂದದ್ದು ಇತ್ತೀಚೆಗೆ.

20ನೇ ಶತಮಾನದ ಕೊನೆಯಲ್ಲಿ ಆಸರೆಯ ಹಳೆಯ ತತ್ವವೇ ಪ್ಲಾಸ್ಟಿಕ್ ಬಲೆಯಾಗಿ ಬಂತು. ಜಾರಿದ ಅಂಗಗಳನ್ನು ಎತ್ತಿ ಹಿಡಿಯಲು ಯೋನಿಯ ಮೂಲಕ ಹಾಕುವ ಪಾಲಿಪ್ರಾಪಿಲೀನ್ ಬಲೆಗಳಿಗೆ ಅಮೆರಿಕದಲ್ಲಿ 2002ರಿಂದ ಅನುಮತಿ ಸಿಗತೊಡಗಿತು. ಬಲೆ ಗೋಡೆಯನ್ನು ಕೊರೆದು ಹೊರಬಂದು, ನೋವು ತಾಳಲಾರದೆ ಸಾವಿರಾರು ಹೆಂಗಸರು ನ್ಯಾಯಾಲಯಕ್ಕೆ ಹೋದರು. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅವುಗಳ ಮಾರಾಟ ನಿಲ್ಲಿಸಿತು. ಬ್ರಿಟನ್ನಿನಲ್ಲಿ ಬ್ಯಾರನೆಸ್ ಕಂಬರ್ಲೆಜ್ ಸಮಿತಿ 2020ರಲ್ಲಿ ವರದಿ ಕೊಟ್ಟಿತು. ಅದು ತನಿಖೆ ಮಾಡಿದ ಮೂರು ವಿಷಯಗಳಲ್ಲಿ ಈ ಬಲೆಯೊಂದು, ಬಸಿರು ಪರೀಕ್ಷೆಗೆ ಕೊಡುತ್ತಿದ್ದ ಪ್ರಿಮೋಡೋಸ್ ಎಂಬ ಹಾರ್ಮೋನು ಮಾತ್ರೆ ಇನ್ನೊಂದು. ಹೆಂಗಸರು ಹೇಳಿದ ನೋವನ್ನು ವೈದ್ಯ ವ್ಯವಸ್ಥೆ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದೇ ವರದಿಯ ಮುಖ್ಯ ಆಕ್ಷೇಪ.

ಭಾರತದಲ್ಲಿ ಅನ್ಯಾಯದ ರೂಪ ಬೇರೆ. ಇಲ್ಲಿ ಬಿಳಿಮುಟ್ಟು, ಕೆಳಹೊಟ್ಟೆ ನೋವು, ಗರ್ಭಕೋಶ ಜಾರಿದ್ದು, ಎಲ್ಲದಕ್ಕೂ ‘ಗರ್ಭಕೋಶ ತೆಗೆಸಿಬಿಡಿ’ ಎಂಬ ಒಂದೇ ಉತ್ತರ ಬೆಳೆಯಿತು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 3.2ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಆಂಧ್ರಪ್ರದೇಶದಲ್ಲಿ ಈ ಪ್ರಮಾಣ ಶೇ. 8.9. ಕರ್ನಾಟಕದಲ್ಲಿ 2015ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಬಡ ಹೆಂಗಸರಿಗೆ ಅನಗತ್ಯವಾಗಿ ಈ ಶಸ್ತ್ರಕ್ರಿಯೆ ಮಾಡಿದ ದೂರು ಎದ್ದು, ತನಿಖೆಗಳು ನಡೆದು, ಸುದ್ದಿಯಾಯಿತು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತರ ಹೆಣ್ಣುಮಗಳ ದೇಹದಲ್ಲಿ ಈಸ್ಟ್ರೊಜೆನ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ತಳದ ಸ್ನಾಯು ಮೊದಲಿನಷ್ಟೇ ಸೋತಿರುತ್ತದೆ, ಮೇಲೆ ಹಾರ್ಮೋನಿನ ಕೊರತೆಯೂ ಸೇರುತ್ತದೆ. ಚಿಕಿತ್ಸೆಯೇ ಹಾರ್ಮೋನಿನ ಕಾಯಿಲೆಯನ್ನು ಉಂಟುಮಾಡುವ ವಿಪರ್ಯಾಸ ಇದು.

ಇಂದಿನ ಮಾರ್ಗಸೂಚಿಗಳು ಶಸ್ತ್ರಕ್ರಿಯೆಯನ್ನು ಕೊನೆಗೆ ಇಟ್ಟಿವೆ. ಮೂತ್ರ ಸೋರುವವರಿಗೆ ತಜ್ಞರ ನಿಗಾದಲ್ಲಿ ಕನಿಷ್ಠ ಮೂರು ತಿಂಗಳ ವ್ಯಾಯಾಮ ಮೊದಲ ಚಿಕಿತ್ಸೆಯೆಂದು ಬ್ರಿಟನ್ನಿನ ನೈಸ್ ಸಂಸ್ಥೆ ಹೇಳುತ್ತದೆ. ಒಂದು ಸಲಕ್ಕೆ ಕನಿಷ್ಠ 8 ಬಿಗಿತ, ದಿನಕ್ಕೆ ಮೂರು ಸಲ. ದಾಳಿಂಬೆಯ ವಂಶದ ಪೆಸರಿ ಈಗ ಮೆತ್ತನೆಯ ಸಿಲಿಕಾನ್ ಉಂಗುರವಾಗಿ ಮರಳಿದೆ. ಭಾರತದಲ್ಲಿ ಗರ್ಭಕೋಶ ತೆಗೆಯುವ ಶಸ್ತ್ರಕ್ರಿಯೆಗಳ ಮೇಲೆ ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದ ಸಮಿತಿಗಳು ಕಣ್ಣಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ಆದೇಶಿಸಿತು.